ಚಾತುರ್ಮಾಸ್ಯದಲ್ಲಿ ವೃದ್ಧೋಪಸೇವೆ



ಆಷಾಢ ಶುದ್ಧ ಏಕಾದಶಿಯಂದು ಶ್ರೀಹರಿಯು ಯೋಗನಿದ್ರೆಯನ್ನು ಸ್ವೀಕರಿಸುವನು. ಅಂದಿನಿಂದ ಕಾರ್ತಿಕದ ಉತ್ಥಾನ ದ್ವಾದಶಿಯವರೆಗೆ ಶಾಕ, ದಧಿ, ಕ್ಷೀರ, ದ್ವಿದಳ ವ್ರತಗಳನ್ನು ನಾವು ಕ್ರಮವಾಗಿ ಆಚರಿಸುತ್ತೇವೆ. ಕೊಡಗಿನಲ್ಲಿ ಈ ನಾಲ್ಕು ತಿಂಗಳ ಬಹುಭಾಗವು ಮಳೆಗಾಲವೇ ಆಗಿದೆ. ಯತಿಗಳು ಸಂಚಾರವನ್ನು ನಿಲ್ಲಿಸಿ ಒಂದೆಡೆ ನೆಲೆಸಿದಾಗ ಭಕ್ತರು ಅವರನ್ನು ಅರಸಿಕೊಂಡು ಹೋಗಿ ಪಾಠಪ್ರವಚನಗಳನ್ನು ಕೇಳಿ ಧನ್ಯರಾಗುತ್ತಾರೆ. ಆದರೆ ಮಳೆಯ ದೆಸೆಯಿಂದ ಮನೆಯೊಳಗೇ ನೆಲೆಸಬೇಕಾದ ನಮ್ಮ ವೃದ್ಧರನ್ನು ಅರಸಿಕೊಂಡು ಹೋಗುವವರು ಯಾರು?

ನಮ್ಮ ನಾಡಿನಲ್ಲಿ ಮನೆಗಳು ಕಾಫಿ ತೋಟಗಳ ನಡುವೆ ದೂರದೂರದಲ್ಲಿವೆ. ಮಕ್ಕಳು ವಿದ್ಯೆಗಾಗಿ, ಉದ್ಯೋಗಕ್ಕಾಗಿ ಮೈಸೂರು, ಬೆಂಗಳೂರು, ಹೊರದೇಶಗಳಲ್ಲಿರುತ್ತಾರೆ. ಅದು ಅವರ ದೋಷವಲ್ಲ. ಅವರು ಹಣವನ್ನು ಕಳುಹಿಸುತ್ತಾರೆ, ಔಷಧವನ್ನು ತರಿಸಿಕೊಡುತ್ತಾರೆ. ಆದರೂ ಗಾಳಿಮಳೆಗೆ ಮರ ಉರುಳಿ ವಿದ್ಯುತ್ತು ನಿಂತ ರಾತ್ರಿ ಆ ದೊಡ್ಡ ಮನೆಯಲ್ಲಿ ಎರಡು ಮುದಿಜೀವಗಳು, ಎಷ್ಟೋ ಕಡೆ ಒಂದೇ ಜೀವ, ಬೆಳಗನ್ನು ಕಾಯುತ್ತ ಕುಳಿತಿರುತ್ತವೆ. 2018ರ ಆಗಸ್ಟ್ ತಿಂಗಳಿನಲ್ಲಿ ಗುಡ್ಡಗಳು ಕುಸಿದುದನ್ನು ಕಂಡವರಿಗೆ ಮಳೆಯ ಸದ್ದು ಮೊದಲಿನಂತೆ ಕೇಳಿಸುವುದಿಲ್ಲ.

ಏಕಾಂಗಿತನವು ಮನಸ್ಸನ್ನು ಮಾತ್ರವಲ್ಲದೆ ದೇಹವನ್ನೂ ಸವೆಸುತ್ತದೆ. ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರು ಇದರಿಂದ ನೊಂದಿದ್ದಾರೆಂದೂ, ವರ್ಷಕ್ಕೆ ಸುಮಾರು 8 ಲಕ್ಷ 71 ಸಾವಿರ ಮರಣಗಳಿಗೆ ಇದರ ಸಂಬಂಧವಿದೆಯೆಂದೂ ವಿಶ್ವ ಆರೋಗ್ಯ ಸಂಸ್ಥೆಯು 2025ರ ವರದಿಯಲ್ಲಿ ತಿಳಿಸಿದೆ. ತಂದೆತಾಯಿಗಳ ಪೋಷಣೆಗಾಗಿ ನಮ್ಮ ದೇಶದಲ್ಲಿ 2007ರಲ್ಲಿ ಕಾಯಿದೆಯೂ ಆಯಿತು. ಕಾಯಿದೆಯಿಂದ ಜೀವನಾಂಶವನ್ನು ಕೊಡಿಸಬಹುದು. ಪಕ್ಕದಲ್ಲಿ ಕುಳಿತು ಮಾತನಾಡುವ ಮಗನನ್ನು ಕೊಡಿಸಲಾಗದು.

ಹಾಗಾದರೆ ವೃದ್ಧರಿಗೆ ಬೇಕಾದುದೇನು? ಇದಕ್ಕೆ ಮಹಾಭಾರತದ ಶಾಂತಿಪರ್ವವೇ ಉತ್ತರ ಹೇಳುತ್ತದೆ. ಭೀಷ್ಮಾಚಾರ್ಯರು 58 ರಾತ್ರಿಗಳನ್ನು ಶರಶಯ್ಯೆಯಲ್ಲಿ ಕಳೆದರು. ಯುದ್ಧ ಮುಗಿದಿತ್ತು, ಲೋಕದ ಎಣಿಕೆಯಲ್ಲಿ ಆ ವೃದ್ಧರಿಂದ ಆಗಬೇಕಾದ ಕಾರ್ಯ ಯಾವುದೂ ಉಳಿದಿರಲಿಲ್ಲ. ಆಗ ಶ್ರೀಕೃಷ್ಣನು ಧರ್ಮರಾಜನನ್ನು ಅವರ ಬಳಿಗೆ ಕರೆತಂದನು. ಬಾಣಗಳ ಬಾಧೆಯಿಂದ ಬುದ್ಧಿಯು ಮಸುಕಾಗಿದೆ, ಮಾತನಾಡಲು ಶಕ್ತಿಯಿಲ್ಲ ಎಂದು ಭೀಷ್ಮರು ಹೇಳಿಕೊಂಡರು. ಸ್ವಾಮಿಯು ಮೊದಲು ಅವರ ನೋವು, ಆಯಾಸ, ಹಸಿವು, ಬಾಯಾರಿಕೆಗಳನ್ನು ಪರಿಹರಿಸಿದನು. ಆಮೇಲೆಯೇ ಪ್ರಶ್ನೆಗಳು ಆರಂಭವಾದುವು. ಸರ್ವಜ್ಞನಾದ ನೀನೇ ಏಕೆ ಉಪದೇಶಿಸಬಾರದೆಂದು ಭೀಷ್ಮರು ಕೇಳಿದಾಗ, ನಿಮ್ಮ ಕೀರ್ತಿಯು ಬೆಳೆಯಲೆಂದೇ ನಿಮ್ಮಿಂದ ನುಡಿಸುತ್ತಿದ್ದೇನೆ ಎಂಬ ಅಭಿಪ್ರಾಯವನ್ನು ಭಗವಂತನು ತಿಳಿಸಿದನು.

ಸರ್ವೋತ್ತಮನಾದ ಶ್ರೀಹರಿಗೆ ತಿಳಿಯದ ಧರ್ಮವುಂಟೆ? ಆದರೂ ಮರಣಶಯ್ಯೆಯಲ್ಲಿದ್ದ ವೃದ್ಧರಿಗೆ ಆತನು ಕೊಟ್ಟುದು ಅನುಕಂಪವೊಂದನ್ನೇ ಅಲ್ಲ, ಒಂದು ಕರ್ತವ್ಯವನ್ನೂ ಕೊಟ್ಟನು. ನಮ್ಮ ವೃದ್ಧೋಪಸೇವೆಗೂ ಇದೇ ಕ್ರಮ: ಮೊದಲು ಅವರ ನೋವನ್ನು ನಿವಾರಿಸಬೇಕು, ಅನಂತರ ಅವರನ್ನು ಕೇಳಬೇಕು. "ಊಟವಾಯಿತೆ? ಮಾತ್ರೆ ನುಂಗಿದಿರಾ?" ಎಂಬಲ್ಲಿಗೆ ನಮ್ಮ ಪ್ರಶ್ನೆಗಳು ಮುಗಿಯಬಾರದು. ಶಾಕವ್ರತದಲ್ಲಿ ಹುಣಸೆ, ಒಣಮೆಣಸಿನಕಾಯಿ ಇಲ್ಲದೆ ಮಾವು, ಕಾಳುಮೆಣಸು, ಜೀರಿಗೆಗಳಿಂದಲೇ ಸಾರನ್ನು ರುಚಿಗೊಳಿಸುವ ಬಗೆಯನ್ನು ಸೊಸೆಯು ದೂರವಾಣಿಯಲ್ಲಿ ಅತ್ತೆಯನ್ನೇ ಕೇಳಲಿ. ಸಂಕಲ್ಪದ ಕ್ರಮವನ್ನು ಮೊಮ್ಮಗನು ತಾತನಿಂದಲೇ ಕಲಿಯಲಿ. ಕೊಡವರ ಐನ್‌ಮನೆಗಳಲ್ಲಿ ಹಿರಿಯನಾದ ಪಟ್ಟೆದಾರನನ್ನು ಮುಂದಿಟ್ಟುಕೊಂಡೇ ಒಕ್ಕದ ಕಾರ್ಯಗಳು ನಡೆಯುವ ಪದ್ಧತಿಯುಂಟು. ಹಿರಿಯರನ್ನು ಕೇಳಿ ನಡೆಯುವುದು ಈ ಮಣ್ಣಿನ ಗುಣವೇ ಆಗಿದೆ.

ಹಿರಿಯರಲ್ಲಿಯೂ ಒಂದು ವಿಜ್ಞಾಪನೆ. ಭೀಷ್ಮರು ಕೇಳಿದವರಿಗೆ ತಮ್ಮ ಗಾಯಗಳ ಕಥೆಯನ್ನೇ ಹೇಳುತ್ತ ಕೂರಲಿಲ್ಲ. ಕೇಳುವವರಿಗೆ ಬೇಕಾದುದನ್ನು ಹೇಳಿದರು. "ನಮ್ಮದೇನಿದೆ, ಮುಗಿಯಿತು" ಎಂದು ಬಾಗಿಲು ಮುಚ್ಚಿಕೊಳ್ಳುವುದು ವೈರಾಗ್ಯವಲ್ಲ. ನವವಿಧ ಭಕ್ತಿಯಲ್ಲಿ ಶ್ರವಣ ಕೀರ್ತನಗಳೇ ಮೊದಲು. ಕಾಲು ನಡೆಯದಿದ್ದರೂ ಕಿವಿ ಕೇಳುತ್ತದೆ. ಕಿವಿ ಮಂದವಾದರೂ ನಾಲಗೆಯು ನಾಮವನ್ನು ನುಡಿಯುತ್ತದೆ. ದೇವಾಲಯಕ್ಕೆ ಕರೆದೊಯ್ಯಲು ಯಾರಾದರೂ ಬಂದರೆ ಬೇಡವೆನ್ನದೆ ಹೊರಡಿರಿ.

ಭಗವದ್ಭಕ್ತರೇ, ನಾವು ನಿತ್ಯ ಪಠಿಸುವ ವಿಷ್ಣುಸಹಸ್ರನಾಮವು ಲೋಕಕ್ಕೆ ದೊರೆತುದು ಶರಶಯ್ಯೆಯಲ್ಲಿ ಮಲಗಿದ್ದ ಆ ವೃದ್ಧರಿಂದಲೇ. ಯುಧಿಷ್ಠಿರನು ಬಳಿಗೆ ಹೋಗಿ ಕೇಳಿದನು, ಆದ್ದರಿಂದ ದೊರೆಯಿತು. ಈ ಚಾತುರ್ಮಾಸ್ಯದಲ್ಲಿ ಆ ಪಾರಾಯಣವನ್ನು ವಾರಕ್ಕೊಮ್ಮೆಯಾದರೂ ನೆರೆಯ ಒಬ್ಬ ವೃದ್ಧರ ಮನೆಯಲ್ಲಿ, ಅವರ ಹಾಸಿಗೆಯ ಬಳಿಯಲ್ಲಿಯೇ ಮಾಡೋಣ. ತುಲಾ ಸಂಕ್ರಮಣದಂದು ತಲಕಾವೇರಿಗೆ ಹೋದವರು ತೀರ್ಥವನ್ನು ತಮ್ಮ ಮನೆಗೆ ಮಾತ್ರ ತಾರದೆ, ಬೆಟ್ಟ ಹತ್ತಲಾರದವರ ಕೈಗೂ ಎರೆಯೋಣ. ಎರೆದು ಒಡನೆಯೇ ಎದ್ದು ಬಾರದೆ ಒಂದು ಗಳಿಗೆ ಕುಳಿತು ಅವರ ಮಾತನ್ನು ಕೇಳೋಣ. ಅವರಲ್ಲಿ ಅಂತರ್ಯಾಮಿಯಾಗಿರುವ ಮುಖ್ಯಪ್ರಾಣಾಂತರ್ಗತ ಶ್ರೀಹರಿಯು ಆ ಸೇವೆಯನ್ನು ಸ್ವೀಕರಿಸಿ ಪ್ರೀತನಾಗಲಿ.

ಶ್ರೀಕೃಷ್ಣಾರ್ಪಣಮಸ್ತು