ಮೊದಲು ಎಷ್ಟಿತ್ತು?

ಕಳೆದ ಭಾನುವಾರ ಅಮ್ಮಿನಬಾವಿಗೆ, ಅಣ್ಣನ ಮನೆಗೆ ಹೋಗಿದ್ದೆ. ಚಪ್ಪಲಿ ಬಿಡುವಷ್ಟರಲ್ಲಿ ಅಣ್ಣನ ಮಗ ಎದುರಿಗೆ ಬಂದ. "ಕಾಕಾ, ಪ್ರಿಂಟರ್ ನಡೀವಲ್ತು. ಅವ್ವ ಸಂಘದ ಯಾದಿ ತೆಗೀಬೇಕಂತ ಮುಂಜಾನಿಯಿಂದ ಕುಂತಾಳ." ತಂತಿ, ಕಾಗದ, ಶಾಯಿ ಎಲ್ಲ ಸರಿಯಾಗಿತ್ತು. ಕೆದಕಿ ಕೇಳಿದ ಮೇಲೆ ನಿಜ ಹೊರಬಂತು. ಹಳೇ ಕಂಪ್ಯೂಟರ್ ಸ್ವಲ್ಪ ಜೋರಾಗಿ ಓಡಲಿ ಎಂದು ಯಾವುದೋ ವಿಡಿಯೊ ನೋಡಿ, ರಿಜಿಸ್ಟ್ರಿಯೊಳಗೆ ಹೊಕ್ಕು ಐದಾರು ಕಡೆ ಅಂಕಿ ಬದಲಿಸಿದ್ದ. "ಎಲ್ಲಾ ಕಡೆ ನಾಕು ಹಾಕೇನಿ, ಅಷ್ಟ."

"ಮೊದಲು ಎಷ್ಟಿತ್ತೋ ತಮ್ಮಾ?"

"ಅದ ನೆನಪಿಲ್ಲ ಕಾಕಾ."

ರಿಜಿಸ್ಟ್ರಿ ಎಂದರೆ ವಿಂಡೋಸಿನ ಒಳಲೆಕ್ಕದ ಪುಸ್ತಕ. 1992ರ ವಿಂಡೋಸ್ 3.1ರಲ್ಲಿ ಸಣ್ಣದಾಗಿ ಶುರುವಾಗಿ, ವಿಂಡೋಸ್ 95ರ ಹೊತ್ತಿಗೆ ಇಡೀ ವ್ಯವಸ್ಥೆಯೇ ಅದರ ಮೇಲೆ ನಿಂತಿತು. ಹಿನ್ನೆಲೆಯಲ್ಲಿ ದುಡಿಯುವ ಒಂದೊಂದು ಸೇವೆಗೂ ಅದರಲ್ಲಿ 'ಸ್ಟಾರ್ಟ್' ಎಂಬ ಒಂದು ಸಾಲು ಇರುತ್ತದೆ. ಅಲ್ಲಿ 2 ಇದ್ದರೆ ಯಂತ್ರ ಎದ್ದ ಕೂಡಲೇ ಆ ಸೇವೆಯೂ ಏಳುತ್ತದೆ. 3 ಇದ್ದರೆ ಕರೆದಾಗ ಬರುತ್ತದೆ. 4 ಇದ್ದರೆ ಕರೆದರೂ ಬರುವುದಿಲ್ಲ. ಹುಡುಗ 4 ಹಾಕಿದ ಸಾಲುಗಳಲ್ಲಿ ಒಂದು ಸ್ಪೂಲರ್‌ನದು, ಅಂದರೆ ಅಚ್ಚಿಗೆ ಹೋಗುವ ಕಾಗದಗಳನ್ನು ಸರದಿಯಲ್ಲಿ ನಿಲ್ಲಿಸುವ ಸೇವೆ. ಹಾಗಾಗಿ ನಿಂತದ್ದು ಪ್ರಿಂಟರ್ ಮಾತ್ರ. ಅದೇ 4 ಅನ್ನು ಹಾರ್ಡ್‌ಡಿಸ್ಕಿನ ಜತೆ ಮಾತಾಡುವ ಡ್ರೈವರ್‌ನ ಸಾಲಿನಲ್ಲಿ ಹಾಕಿದ್ದರೆ ಮರುದಿನ ಕಂಪ್ಯೂಟರೇ ಏಳುತ್ತಿರಲಿಲ್ಲ. ಒಂದೇ ಅಂಕಿ, ಹಾಕಿದ ಜಾಗ ಮಾತ್ರ ಬೇರೆ.

ಇಷ್ಟು ಹೊಣೆಯ ಪುಸ್ತಕದಲ್ಲಿ 'ಸೇವ್' ಎಂಬ ಗುಂಡಿ ಇಲ್ಲ, ಬರೆದ ಕ್ಷಣವೇ ಅದು ದಾಖಲು. ಹಿಂದಕ್ಕೆ ಹೋಗುವ 'ಅನ್‌ಡೂ' ಕೂಡ ಇಲ್ಲ. ಪತ್ರ ಬರೆಯುವ ತಂತ್ರಾಂಶದಲ್ಲಿ ನೂರು ಸಲ ತಪ್ಪಿ ನೂರು ಸಲ ತಿದ್ದಿಕೊಂಡ ಮಕ್ಕಳಿಗೆ ಇದು ಹೊಳೆಯುವುದಿಲ್ಲ. ಅದು ಅವರ ತಪ್ಪಲ್ಲ, ಯಾರೂ ಹೇಳಿಕೊಟ್ಟಿಲ್ಲ.

ನನ್ನ ಲ್ಯಾಪ್‌ಟಾಪಿನಲ್ಲೂ ಅದೇ ವಿಂಡೋಸ್ ಇತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು, ಅವನ ಸಾಲಿಗೆ ನನ್ನ ಸಾಲು ತಾಳೆ ನೋಡುತ್ತ ಕೂತೆವು. ಸ್ಪೂಲರ್ ಬೇಗ ಸಿಕ್ಕಿತು. 4 ಅಳಿಸಿ 2 ಬರೆದು, ಯಂತ್ರ ಮತ್ತೆ ಹಚ್ಚಿದಾಗ ಅತ್ತಿಗೆಯ ಯಾದಿ ಹೊರಬಂತು. ಆದರೆ ಉಳಿದ ನಾಲ್ಕೈದು ಯಾವುವು ಎಂಬುದೇ ಅವನಿಗೆ ಸರಿಯಾಗಿ ನೆನಪಿರಲಿಲ್ಲ. ಮಧ್ಯಾಹ್ನದ ಊಟ ಮುಗಿದು ಚಹಾದ ಹೊತ್ತಾದರೂ ಹುಡುಕಾಟ ನಡೆದೇ ಇತ್ತು. ಒಂದು ಗೆರೆ ಬರೆದಿಟ್ಟಿದ್ದರೆ ಐದು ನಿಮಿಷದ ಕೆಲಸ.

ಅಮ್ಮಿನಬಾವಿಯಲ್ಲಿ ಕೂತು ಈ ಮಾತಿಗೆ ಹೋಲಿಕೆ ಹುಡುಕಬೇಕಿಲ್ಲ. ಸವದತ್ತಿಯ ರೇಣುಕಾಸಾಗರದಿಂದ ಎತ್ತಿದ ಮಲಪ್ರಭೆಯ ನೀರು ಈ ಊರಿನ ಘಟಕದಲ್ಲಿ ಶುದ್ಧವಾಗಿ ಧಾರವಾಡ, ಹುಬ್ಬಳ್ಳಿಗೆ ಹೋಗುತ್ತದೆ. ಧಾರವಾಡದ ನಮ್ಮ ಓಣಿಯಲ್ಲಿ ನೀರು ಬಿಡುವಾತನನ್ನು ನಾನು ಎಷ್ಟೋ ಸಲ ನಿಂತು ನೋಡಿದ್ದೇನೆ. ರಸ್ತೆಯ ಕೆಳಗಿನ ವಾಲ್ವ್ ಯಾರ ಕಣ್ಣಿಗೂ ಬೀಳುವುದಿಲ್ಲ. ಮುಚ್ಚಳ ಎತ್ತಿ, ಉದ್ದನೆಯ ಕೀಲಿ ಇಳಿಸಿ ತಿರುಗಿಸುವಾಗ ಅವನ ತುಟಿ ಅಲ್ಲಾಡುತ್ತಿರುತ್ತದೆ. ಸುತ್ತು ಎಣಿಸುತ್ತಾನೆ. ಎಷ್ಟು ಸುತ್ತು ತೆರೆದನೋ ಅಷ್ಟೇ ಸುತ್ತು ಮುಚ್ಚಬೇಕು. ಎಣಿಕೆ ತಪ್ಪಿದರೆ ಒಂದು ಓಣಿಗೆ ನೀರೇ ಏರದು, ಇನ್ನೊಂದು ಓಣಿಯಲ್ಲಿ ಹರಿದು ಗಟಾರ ಸೇರುತ್ತದೆ. ಮಣ್ಣಿನ ಕೆಳಗಿನದನ್ನು ತಿರುಗಿಸುವವನಿಗೆ ಎಣಿಕೆಯೇ ಕಣ್ಣು.

ಒಳಗೆ ಕೈ ಹಾಕಲೇಬೇಡಿ ಎಂದು ನಾನು ಹೇಳುವವನಲ್ಲ. ವಿಂಡೋಸ್ ಎಕ್ಸ್‌ಪಿ ಬಂದದ್ದು 2001ರಲ್ಲಿ. ಕನ್ನಡಕ್ಕೆಂದು ತುಂಗಾ ಎಂಬ ಫಾಂಟ್ ಜತೆಗೇ ಬಂದಿತ್ತು. ಆದರೂ ಎಷ್ಟೋ ಮನೆಗಳಲ್ಲಿ ಕನ್ನಡ ಪುಟ ತೆರೆದರೆ ಕಾಣುತ್ತಿದ್ದುದು ಬರೀ ಚೌಕಗಳು. ಕಂಟ್ರೋಲ್ ಪ್ಯಾನೆಲಿನ ಭಾಷೆಗಳ ವಿಭಾಗಕ್ಕೆ ಹೋಗಿ, ಸಂಕೀರ್ಣ ಲಿಪಿಗಳ ಕಡತ ಬೇಕು ಎಂಬ ಚೌಕಕ್ಕೆ ಒಂದು ಗುರುತು ಹಾಕಿ, ಸಿ.ಡಿ. ಕೊಟ್ಟು, ಯಂತ್ರ ಮತ್ತೆ ಹಚ್ಚಬೇಕಿತ್ತು. ಆಗ ಒತ್ತಕ್ಷರ ತನ್ನ ಜಾಗಕ್ಕೆ ಬಂದು ಕೂರುತ್ತಿತ್ತು. ಪರದೆಯ ಮೇಲೆ ಕನ್ನಡ ಮೊದಲ ಸಲ ಸರಿಯಾಗಿ ಮೂಡಿದ ಆ ಸಂಜೆ ನನಗೆ ಇವತ್ತಿಗೂ ನೆನಪಿದೆ. ಒಳಗೆ ಏನಿದೆ ನೋಡೋಣ ಎಂಬ ಕುತೂಹಲ ಇಲ್ಲದಿದ್ದರೆ ನಮ್ಮ ಭಾಷೆ ಎಷ್ಟೋ ಮನೆಗಳಲ್ಲಿ ಚೌಕಗಳಾಗಿಯೇ ಉಳಿಯುತ್ತಿತ್ತು. ಅಣ್ಣನ ಮಗನಲ್ಲಿ ಆ ಕುತೂಹಲ ಇದೆ, ಅದನ್ನು ಚಿವುಟಬಾರದು.

ಅವನಿಗೆ ಅಂದು ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಬೇಕಾದದ್ದು ಮಾಮೂಲಿ ಸೆಟ್ಟಿಂಗ್ಸಿನಲ್ಲೇ ಇದ್ದರೆ ಅಲ್ಲೇ ಬದಲಿಸಿ, ರಿಜಿಸ್ಟ್ರಿ ಕೊನೆಯ ಬಾಗಿಲು. ಮುಟ್ಟುವ ಮೊದಲು ನೀವು ಬದಲಿಸಲಿರುವ ಸಾಲು ಇರುವ ಭಾಗವನ್ನು 'ಎಕ್ಸ್‌ಪೋರ್ಟ್' ಮಾಡಿ ಇಟ್ಟುಕೊಳ್ಳಿ. ಆ ಕಡತವನ್ನು ಮತ್ತೆ ಒತ್ತಿದರೆ ಹಳೇ ಅಂಕಿಗಳು ಮರಳುತ್ತವೆ, ಆದರೆ ನೀವು ಹೊಸದಾಗಿ ಸೇರಿಸಿದ ಸಾಲು ಅಳಿಯುವುದಿಲ್ಲ. ಅದನ್ನು ಕೈಯಾರೆ ತೆಗೆಯಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಯಂತ್ರ ಮತ್ತೆ ಹಚ್ಚಿ ನೋಡಿ. ಬೇರೆಯವರು ಕಳಿಸಿದ ರಿಜಿಸ್ಟ್ರಿ ಕಡತವನ್ನು ನೋಟ್‌ಪ್ಯಾಡಿನಲ್ಲಿ ಬಿಚ್ಚಿ ಓದದೆ ಒತ್ತಲೇಬೇಡಿ. ಈ ಎಚ್ಚರ ರಿಜಿಸ್ಟ್ರಿಗಷ್ಟೇ ಅಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ನಿಂತಿತು. ಹಳೇ ಯಂತ್ರಕ್ಕೇ ವಿಂಡೋಸ್ 11 ಹಾಕಲು ಬಯಾಸಿನಲ್ಲೂ, ಅಂದರೆ ವಿಂಡೋಸ್ ಏಳುವ ಮೊದಲೇ ಯಂತ್ರವನ್ನು ಎಬ್ಬಿಸುವ ತಂತ್ರಾಂಶದಲ್ಲೂ, ಕೈಯಾಡಿಸುವವರಿದ್ದಾರೆ. ಡಿಸ್ಕಿಗೆ ಬಿಟ್‌ಲಾಕರ್ ಬೀಗ ಬಿದ್ದಿದ್ದರೆ, ಅಲ್ಲಿ ಏನಾದರೂ ಬದಲಿಸಿದ ಮೇಲೆ ಯಂತ್ರ 48 ಅಂಕಿಯ ಕೀಲಿ ಕೇಳಬಹುದು. ಅದು ಕೈಯಲ್ಲಿ ಇಲ್ಲದಿದ್ದರೆ ಮಕ್ಕಳ ಫೋಟೊ, ಹೊಲದ ಕಾಗದ ಎಲ್ಲ ಒಳಗೇ ಉಳಿಯುತ್ತವೆ. ಮೊದಲು ಆ ಕೀಲಿ ಕಾಗದದ ಮೇಲೆ ಬರೆದಿಡಿ.

ಸಂಜೆ ಹೊರಡುವಾಗ ಹುಡುಗ ಇನ್ನೂರು ಪುಟದ ನೋಟ್‌ಬುಕ್ಕಿನ ಮೊದಲ ಹಾಳೆಗೆ ಗೆರೆ ಎಳೆದಿದ್ದ. ತಾರೀಖು, ಜಾಗ, ಮೊದಲು ಎಷ್ಟಿತ್ತು, ಈಗ ಎಷ್ಟು. ಕೆಳಗೆ ಒಂದೇ ಸಾಲು: ಸ್ಪೂಲರ್, ಮೊದಲು 2, ನಾನು ಹಾಕಿದ್ದು 4, ಮತ್ತ 2.

ನಿಮ್ಮ ಮನೆಯಲ್ಲೂ ವಿಂಡೋಸ್ ಕಂಪ್ಯೂಟರ್ ಇದ್ದರೆ ಇವತ್ತು ಒಂದು ಕೆಲಸ ಮಾಡಿ. ಹುಡುಕುವ ಜಾಗದಲ್ಲಿ ಇಂಗ್ಲಿಷಿನಲ್ಲಿ 'ರಿಸ್ಟೋರ್ ಪಾಯಿಂಟ್' ಎಂದು ಬರೆದು ತೆರೆಯಿರಿ. ಸಿ ಡ್ರೈವಿನ ಮುಂದೆ 'ಆಫ್' ಎಂದಿದ್ದರೆ 'ಆನ್' ಮಾಡಿ, ಒಂದು ರಿಸ್ಟೋರ್ ಪಾಯಿಂಟ್ ಮಾಡಿಡಿ. ಅದು ಫೋಟೊಗಳನ್ನು ಕಾಯುವುದಿಲ್ಲ, ಅವನ್ನು ಬೇರೆ ಪೆನ್‌ಡ್ರೈವಿಗೆ ಹಾಕಿ. ಮಕ್ಕಳು ಯಂತ್ರದ ಮುಂದೆ ಕೂರುವ ಮೊದಲೇ ಇದು ಮುಗಿದಿರಲಿ.