ಹೊಸ ಆವೃತ್ತಿಯ ಬಾಗಿಲು

ಕಂಪ್ಯೂಟರಿನ ಹೊಸ ಆವೃತ್ತಿಗಾಗಿ ಕಾಯುವುದು ಬರಿಯ ಚಪಲವೆಂದು ನಾನು ಹೇಳಲಾರೆ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಎಂಬ ಕನ್ನಡ ಯುನಿಕೋಡ್ ಫಾಂಟನ್ನು ತನ್ನೊಳಗೇ ತಂದಿತು. ಬೇರೆ ತಂತ್ರಾಂಶದ ಹಂಗಿಲ್ಲದೆ ನಮ್ಮ ಅಕ್ಷರ ಪರದೆಯಲ್ಲಿ ಮೂಡಿತು. ಅಂಥ ಹೊಸತಿಗೆ ಕಾಯುವುದು ನ್ಯಾಯವೇ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯನ್ನು ಕೇಳುತ್ತದೆ. ಕನಕಪುರ ತಾಲ್ಲೂಕಿನ ನಮ್ಮ ಕೋಡಿಹಳ್ಳಿಯಂಥ ಊರಿನಲ್ಲಿ ಸಾಲ ಮಾಡಿ ಜೆರಾಕ್ಸ್ ಅಂಗಡಿ ಇಟ್ಟವರ ಕಂಪ್ಯೂಟರ್ ಕೆಟ್ಟಿರುವುದಿಲ್ಲ; ಆದರೂ ಅದು ಹಳತಾಯಿತು. ಭದ್ರತೆ ಬೇಡವೆನ್ನಲಾದೀತೆ? ಊರವರ ಆಧಾರ್, ಪಹಣಿ ಎಲ್ಲ ಹಾದುಹೋಗುವುದು ಅದರಲ್ಲೇ. ಆದರೆ ಆ ಭದ್ರತೆಯ ಬೆಲೆಯನ್ನು ತೆರಬೇಕಾದವರು ಯಾರು? ದುಡಿಯುತ್ತಿರುವ ಯಂತ್ರಕ್ಕೆ ತಿದ್ದುಪಡಿ ನಿಲ್ಲಿಸುವುದೆಂದರೆ ಜನ ವಾಸವಿರುವ ಮನೆಯ ಬೀಗವನ್ನು ಕಿತ್ತುಕೊಂಡು ಹೋದಂತೆ.

ಹೊಸತನ್ನು ಅಳೆಯಲು ನನ್ನ ಬಳಿ ಇರುವುದು ಒಂದೇ ಪ್ರಶ್ನೆ: ಹೊರಗಿದ್ದ ಎಷ್ಟು ಜನರನ್ನು ಅದು ಒಳಗೆ ಕರೆಯಿತು, ಒಳಗಿದ್ದ ಎಷ್ಟು ಜನರನ್ನು ಹೊರಗೆ ಕಳಿಸಿತು? ಎಕ್ಸ್‌ಪಿ ಒಂದು ಭಾಷೆಯನ್ನೇ ಒಳಗೆ ಕರೆದಿತ್ತು. ಮುಂದಿನ ಆವೃತ್ತಿಗೂ ನಾನು ಆಸೆಯಿಂದಲೇ ಕಾಯುತ್ತೇನೆ; ಬಂದ ದಿನ ಮೊದಲು ಕೇಳುವುದು ಇದನ್ನೇ.