ಮುಖವಾಡದ ಪಕ್ಕದ ಹೆಸರು

ದೇವರ ಮುಂದೆ ‘ನಾನು’ ಇಲ್ಲವಾಗಬೇಕು ಎಂಬ ಮಾತು ಕೇಳುತ್ತಲೇ ಬೆಳೆದವಳು ನಾನು. ದೀಪ ಹಚ್ಚಿ ಕೈಮುಗಿದಾಗಲೆಲ್ಲ ಒಂದು ಅಳುಕು: ನಾನೇ ಇಲ್ಲವಾದರೆ ಕೈಮುಗಿಯುವವರು ಯಾರು? ಈ ಪ್ರಶ್ನೆಯನ್ನು ನನಗಾಗಿ ಬಿಡಿಸಿದ್ದು ಒಂದು ಗ್ರೀಕ್ ಮಣ್ಣಿನ ಪಾತ್ರೆ.

ದ್ರಾಕ್ಷಾರಸಕ್ಕೆ ನೀರು ಬೆರೆಸುವಂಥ ದೊಡ್ಡ ಪಾತ್ರೆ ಅದು, ಸುಮಾರು 75 ಸೆಂ.ಮೀ. ಎತ್ತರ. ಕ್ರಿ.ಪೂ. 400ರ ಆಸುಪಾಸಿನಲ್ಲಿ ಅಥೆನ್ಸಿನಲ್ಲಿ ತಯಾರಾಗಿ, 1835ರಲ್ಲಿ ದಕ್ಷಿಣ ಇಟಲಿಯ ರೂವೊದ ಸಮಾಧಿಯೊಂದರಲ್ಲಿ ಸಿಕ್ಕಿ, ಈಗ ನೇಪಲ್ಸ್ ಮ್ಯೂಸಿಯಮ್ಮಿನಲ್ಲಿದೆ. ಜೋಡಿಕೊಳಲು ಊದುತ್ತ ನಡುವೆ ಕೂತಿರುವ ಥೀಬ್ಸಿನ ಪ್ರೊನೊಮೊಸ್‌ನ ಹೆಸರಿನಿಂದಲೇ ಪಾತ್ರೆಯನ್ನು ಕರೆಯುತ್ತಾರೆ. ಅವನ ಮೇಲ್ಗಡೆ ಮಂಚದಲ್ಲಿ ನಾಟಕದ ದೇವರು ಡಯೊನೈಸಸ್, ಜೊತೆಗೆ ಅವನ ಮಡದಿ ಅರಿಯಾಡ್ನೆ. ಸುತ್ತ ಒಂದು ಇಡೀ ನಾಟಕತಂಡ.

ಮೇಳದ ಹುಡುಗರು ಸೊಂಟಕ್ಕೆ ರೋಮದ ಚಡ್ಡಿ, ಬಾಲ ಕಟ್ಟಿಕೊಂಡಿದ್ದಾರೆ. ದೇವರ ಪರಿವಾರದ ಸ್ಯಾಟರ್‌ಗಳ ವೇಷ. ಮುಖವಾಡ ಕೈಯಲ್ಲಿದೆ, ಮುಖ ಎಳೆಯದು, ಮಾಮೂಲಿನದು. ಪಕ್ಕದಲ್ಲಿ ಅವರವರ ಹೆಸರು. ಹೆರಾಕ್ಲೀಸನ ಪಾತ್ರಧಾರಿಯ ಕಥೆ ಬೇರೆ. ಅವನ ಪಕ್ಕದಲ್ಲಿ ಬರೆದಿರುವುದು ‘ಹೆರಾಕ್ಲೀಸ್’ ಎಂದೇ. ಮುಖವಾಡ ಇನ್ನೂ ಕೈಯಲ್ಲಿದೆ, ಆದರೆ ಮುಖ ಆಗಲೇ ಆ ವೀರನದಾಗಿದೆ. ಆ ನಟ ಯಾರೆಂದು ಚಿತ್ರ ಹೇಳುವುದಿಲ್ಲ. ‘ನಾನು’ ಕರಗುವುದೆಂದರೆ ಇದೇ ಇರಬೇಕು. ನನಗೆ ಅದರ ಮೇಲೆ ಗೌರವವಿದೆ.

ಆದರೂ ನನ್ನ ಕಣ್ಣು ನಿಲ್ಲುವುದು ನಿಕೊಲಿಯೊಸ್ ಮೇಲೆ. ಹುಡುಗರಲ್ಲಿ ಮುಖವಾಡ ತೊಟ್ಟವನು ಅವನೊಬ್ಬನೇ. ಕೊಳಲಿನ ಸ್ವರಕ್ಕೆ ಆಗಲೇ ಕುಣಿತ ಶುರುವಾಗಿದೆ. ಮನುಷ್ಯನ ಮುಖ ಒಂದಿಷ್ಟೂ ಕಾಣದು, ಹೆಸರು ಮಾತ್ರ ಅವನದೇ. ಅಥೆನ್ಸಿನ ಹಬ್ಬದಲ್ಲಿ ಮೇಳದಲ್ಲಿ ಕುಣಿಯುತ್ತಿದ್ದವರು ಆ ಊರಿನ ನಾಗರಿಕರೇ. ಕುಣಿತ ಅವರು ದೇವರಿಗೆ ಸಲ್ಲಿಸುವ ಸೇವೆ. ಸೇವೆ ಎಂದಮೇಲೆ ಸಲ್ಲಿಸುವವನೊಬ್ಬ ಇರಲೇಬೇಕಲ್ಲ! ನಾವೂ ಪೂಜೆಗೆ ಕೂತಾಗ ಸಂಕಲ್ಪದಲ್ಲಿ ಗೋತ್ರ, ಹೆಸರು ಹೇಳಿಕೊಂಡೇ ಮುಂದುವರಿಯುತ್ತೇವೆ.

ಪಾತ್ರೆಯ ಹಿಂಬದಿಯಲ್ಲೂ ಡಯೊನೈಸಸ್ ಇದ್ದಾನೆ. ಅಲ್ಲಿ ಸ್ಯಾಟರ್‌ಗಳು ವೇಷದವರಲ್ಲ, ನಿಜವಾದವರು. ಬಾಲ ಕಟ್ಟಿಕೊಂಡದ್ದಲ್ಲ, ಹುಟ್ಟಿನಿಂದ ಬಂದದ್ದು. ಅಂಥ ಪರಿವಾರ ಇದ್ದೂ ದೇವರು ಮುಂಬದಿಯಲ್ಲಿ ಈ ಹುಡುಗರ ನಡುವೆ ಬಂದು ಕೂತಿದ್ದಾನೆ. ಸ್ಯಾಟರ್ ಕುಣಿತವೊಂದೇ ಅವನಿಗೆ ಬೇಕಾಗಿದ್ದರೆ ಹಿಂಬದಿಯೇ ಸಾಕಾಗುತ್ತಿತ್ತು. ಅವನಿಗೆ ನಿಕೊಲಿಯೊಸನ ಕುಣಿತವೂ ಬೇಕಿತ್ತು ಎಂದೇ ನಾನು ನಂಬಿದ್ದೇನೆ.